ಮೊದಲು ಕಳ್ಳ, ಆಮೇಲೆ ಸುಳಿವು

ಚಿಕೂನ್‌ಗುನ್ಯಾ ಬಂದು ಇಪ್ಪತ್ತು ದಿನ ಹುಣಸೂರಿನ ಮನೆಯಲ್ಲಿ ಬಿದ್ದುಕೊಂಡಿದ್ದೆ. ಶಾಲೆಗೆ ರಜೆ ಹಾಕಿದ್ದಾಗಿತ್ತು. ಫೋನು ನೋಡಿದರೆ ಕಣ್ಣುರಿ, ಎದ್ದು ಕಾಫಿ ಮಾಡಿಕೊಳ್ಳೋಣವೆಂದರೆ ಮಂಡಿ ಒಪ್ಪದು. ಬೇಸರ ತಾಳಲಾರದೆ ಅಟ್ಟದ ತಗಡಿನ ಪೆಟ್ಟಿಗೆಯನ್ನು ಯಜಮಾನರಿಂದ ಇಳಿಸಿಕೊಂಡೆ. ಹರೆಯದ ಹುಡುಗ ಹುಡುಗಿಯರು ಪತ್ತೇದಾರಿ ಮಾಡುವ ಒಂದು ಸರಣಿಯ ಹದಿನಾಲ್ಕು ಪುಸ್ತಕಗಳು ಅದರಲ್ಲಿದ್ದವು. ಹನ್ನೊಂದರ ವಯಸ್ಸಿನಲ್ಲಿ ನಾನು ಊಟ ಬಿಟ್ಟು ಓದುತ್ತಿದ್ದಂಥವು.

ಐವತ್ತೆರಡಕ್ಕೆ ಓದಿದರೆ ಆ ಮಕ್ಕಳ ಮೇಲೆ ಸಿಟ್ಟೇ ಬಂತು. ಅವರಿಗೆ ವರ್ಷವಿಡೀ ರಜೆ. ಯಾರಿಗೂ ಜ್ವರವಿಲ್ಲ, ಯಾರಿಗೂ ಸುಸ್ತಿಲ್ಲ. ಬುತ್ತಿ ಕಟ್ಟಿಕೊಟ್ಟವರು ಯಾರು, ಕೆಸರು ಮೆತ್ತಿದ ಬಟ್ಟೆ ಒಗೆದವರು ಯಾರು, ಅದರ ಸುದ್ದಿಯೇ ಇಲ್ಲ. ನಾಲ್ಕನೆಯ ಪುಸ್ತಕದ ಹೊತ್ತಿಗೆ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಕಳ್ಳ ಎಂದರೆ ತೋಟದ ಮಾಲಿ, ಇಲ್ಲವೇ ಅಡುಗೆಯವನು, ಇಲ್ಲವೇ ಊರಿಗೆ ಹೊಸದಾಗಿ ಕೂಲಿಗೆ ಬಂದವನು. ಬಂಗಲೆಯ ಯಜಮಾನ ಒಂದು ಸಲವಾದರೂ ಕಳ್ಳನಾಗಲಿಲ್ಲ. ಪುಸ್ತಕ ಮಗುಚಿಟ್ಟೆ.

ನಮ್ಮದು ಅಂತರಸಂತೆ ಹತ್ತಿರದ ಹಳ್ಳಿ, ಹೊಗೆಸೊಪ್ಪು ಬೆಳೆಯುವ ಮನೆ. ಅಪ್ಪ ಹುಣಸೂರಿಗೆ ಬಂದಾಗಲೆಲ್ಲ ಬೈಂಡಿಂಗ್ ಅಂಗಡಿಯ ಸಾಹೇಬರ ಹತ್ತಿರ ಹಳೆಯ ಪುಸ್ತಕ ಕೊಂಡು ತರುತ್ತಿದ್ದರು. ಹರಿದುಹೋದ ಪುಸ್ತಕಗಳನ್ನು ಸಾಹೇಬರು ಹೊಲಿದು, ರಟ್ಟು ಹಾಕಿ ಗಟ್ಟಿ ಮಾಡಿ ಮಾರುತ್ತಿದ್ದರು. ಅವರಿಗೆ ಓದಲು ಬರುತ್ತಿದ್ದುದು ಉರ್ದು ಮಾತ್ರ. ಉರ್ದು ಪುಸ್ತಕ ಬಲಗಡೆಯಿಂದ ತೆರೆದುಕೊಳ್ಳುತ್ತದೆ. ಅದೇ ಅಭ್ಯಾಸದಲ್ಲಿ ಚಿತ್ರವಿದ್ದ ರಟ್ಟನ್ನು ಕನ್ನಡ ಪುಸ್ತಕದ ಹಿಂಬದಿಗೆ ಅಂಟಿಸಿಬಿಡುತ್ತಿದ್ದರು. ಚಿತ್ರ ನೋಡಿ ತೆರೆದರೆ ಎದುರಿಗೆ ಕೊನೆಯ ಪುಟ, ಕಳ್ಳ ಪೊಲೀಸರ ಕೈಯಲ್ಲಿ. ಹದಿನಾಲ್ಕೂ ಹಾಗೇ. ನನಗೆ ಬೇಜಾರೇನೂ ಆಗಲಿಲ್ಲ. ಕಳ್ಳ ಯಾರೆಂದು ಮೊದಲೇ ತಿಳಿದುಕೊಂಡು, ಆಮೇಲೆ ಮೊದಲ ಪುಟದಿಂದ ಅವನ ಒಂದೊಂದೇ ಸುಳಿವು ಹೆಕ್ಕುತ್ತಾ ಹೋಗುವುದೇ ಪತ್ತೇದಾರಿ ಅಂದುಕೊಂಡಿದ್ದೆ. ಎಷ್ಟು ಸಲೀಸು!

ನನಗೆ ಹನ್ನೊಂದಾಗಿದ್ದ ಆ ವರ್ಷ ಸೊಪ್ಪಿನ ಕಾಲದಲ್ಲಿ ಅವ್ವನ ಓಲೆ ಕಾಣೆಯಾದವು. ಕಿವಿ ಬಾತಿದೆಯೆಂದು ಬಿಚ್ಚಿಟ್ಟಿದ್ದರು. ಜಗಲಿಯಲ್ಲಿ ಹೆಂಗಸರು ಒಣಗಿಸಲು ಕಡ್ಡಿಗೆ ಹೊಗೆಸೊಪ್ಪು ಕಟ್ಟುತ್ತಿದ್ದರು. ಅವರಲ್ಲಿ ಒಬ್ಬಾಕೆ ಕಾಕನಕೋಟೆ ಕಡೆಯಿಂದ ಆಗಷ್ಟೇ ಬಂದವರು. ನಾನು ಕಳ್ಳಿಯನ್ನು ಮೊದಲೇ ಆರಿಸಿಕೊಂಡೆ. ಸುಳಿವುಗಳು ತಾವಾಗಿ ಸಿಕ್ಕವು. ನೀರು ಕೇಳಿಕೊಂಡು ಒಳಗೆ ಬಂದಿದ್ದರು. ಕೆಲಸ ಬಿಟ್ಟು ಬೇಗ ಹೊರಟಿದ್ದರು. ಸೆರಗಿನ ತುದಿಯಲ್ಲಿ ಗಂಟಿತ್ತು. ಎಲ್ಲರ ಮುಂದೆ ಬೆರಳು ತೋರಿಸಿ ಹೇಳಿದೆ. ಗಂಟು ಬಿಚ್ಚಿಸಿದರು, ಅಡಿಕೆ ಚೂರು ಉದುರಿತು. ಆದರೂ ಅವ್ವ, "ನಾಳೆಯಿಂದ ಬರಬ್ಯಾಡ ಬುಡು" ಅಂದರು.

ಎಂಟನೆಯ ದಿನ ಓಲೆ ದಿಂಬಿನ ಗವಸಿನೊಳಗೆ ಸಿಕ್ಕವು. ಅವ್ವ ಸುಮ್ಮನೆ ಹಾಕಿಕೊಂಡರು. ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆಕೆ ಎಲ್ಲಿದ್ದಾರೆಂದು ಹುಡುಕಬೇಕಾಗಿರಲಿಲ್ಲ. ಎಷ್ಟೋ ವರ್ಷದಿಂದ ಅಂತರಸಂತೆಯ ಸಂತೆಯಲ್ಲಿ ಸೀಗೆಕಾಯಿ ಗುಡ್ಡೆ ಹಾಕಿಕೊಂಡು ಕೂರುತ್ತಾರೆ. ತವರಿಗೆ ಹೋದಾಗ ನಾನು ಆ ಸಾಲು ತಪ್ಪಿಸಿ ಬಾಳೆಹಣ್ಣಿನವರ ಕಡೆಯಿಂದ ಸುತ್ತಿ ಹೋಗುತ್ತಿದ್ದೆ. ಇಷ್ಟು ವರ್ಷ ತಪ್ಪಿಸಿಕೊಂಡು ಓಡಾಡಿಯೇ ದಣಿದಿದ್ದೇನೇನೋ ಅನ್ನಿಸಿತು. ಅವ್ವ ತೀರಿಕೊಂಡಿದ್ದಾರೆ, ಇನ್ನು ಹೇಳಬೇಕಾದವಳು ನಾನೊಬ್ಬಳೇ. ಜ್ವರ ಬಿಟ್ಟ ಮೇಲಿನ ಮೊದಲ ಸಂತೆಗೆ, ಮಂಡಿ ಹಿಡಿದುಕೊಂಡು ಅಂತರಸಂತೆಯ ಬಸ್ಸು ಹತ್ತಿದೆ.

ಸಂತೆಯಲ್ಲಿ ಆಕೆಯ ಪಕ್ಕದಲ್ಲಿ ಕುಕ್ಕರಿಸಿ, ಯಾರ ಮಗಳೆಂದು ಹೇಳಿ, ಮೆಲ್ಲಗೆ ಶುರುಮಾಡಿದೆ. "ಅಕ್ಕಾ, ಆ ಓಲೆ ಮನೆಯಲ್ಲೇ ಸಿಕ್ಕಿದ್ವು."

"ಗೊತ್ತು ಕಣವ್ವ" ಅಂದರು, ಸೀಗೆಕಾಯಿ ಆರಿಸುವುದನ್ನು ನಿಲ್ಲಿಸದೆ. "ಮುಂದಿನ ಸಂತೇಗೇ ನಿಮ್ಮವ್ವಾರು ಓಲೆ ಆಕ್ಕಂಡು ಬಂದಿದ್ರು. ಈರುಳ್ಳಿ ಅಂಗ್ಡೀಲಿ ನಾನು ಪಕ್ಕದಲ್ಲೇ ನಿಂತಿದ್ದೆ."

"ಮತ್ತೆ ಕೇಳಬಾರದಿತ್ತಾ?"

"ನಾನ್ಯಾಕ್ ಕೇಳ್ಲಿ? ನೀವು ಕರೀತೀರಿ ಅಂತ ಕಾದೆ. ಸೊಪ್ಪು ಮುಗಿಯಗಂಟ ಕಾದೆ. ಬ್ಯಾರೆ ಮನೆಗೆ ಕೆಲ್ಸಕ್ಕೋದ್ರೆ ಓಲೆ ಕದ್ದೋಳು ಅಂತ ಸೇರುಸ್ಲಿಲ್ಲ. ಈಗ್ಲೂ ಜಗಳ ಬಂದ್ರೆ ಅದ್ನೇ ಎತ್ತಾಡ್ತಾರೆ."

"ತಪ್ಪಾಯ್ತು ಅಕ್ಕಾ" ಎಂದೆ. ಅಳು ಬಂತು. ಅವರು ಸಮಾಧಾನ ಮಾಡಲಿಲ್ಲ, ಕೈ ಕೊಡವಿಕೊಂಡು ನನ್ನನ್ನು ನೋಡಿದರು.

"ನನ್ ಕಿವೀಲಿ ಏಳುದ್ರೆ ಏನು ಬಂತು? ನಾನು ಕದ್ದಿಲ್ಲ ಅಂತ ನಂಗೆ ಗೊತ್ತಿಲ್ವಾ? ಆವತ್ತು ಎಲ್ರ ಮುಂದೆ ತಾನೆ ಏಳಿದ್ದು? ಅಗೋ, ನನ್ ಜೊತೆ ಸೊಪ್ಪು ಕಟ್ಟೋರು ಅಲ್ಲೇ ಕುಂತವ್ರೆ. ಅವ್ರ ಮುಂದೆ ಈ ಮಾತು ಏಳು."

ಸಾಲಿನಲ್ಲಿ ಮೂವರು ಮುದುಕಿಯರಿದ್ದರು. ಮೂವತ್ತು ವರ್ಷ ತರಗತಿಯಲ್ಲಿ ಕೂಗಿ ಪಾಠ ಮಾಡಿದವಳು ಅವರ ಎದುರು ಹೋಗಿ ನಿಂತೆ. ನಾನು ಇಂಥವರ ಮಗಳು, ಓಲೆ ನಮ್ಮ ಮನೆಯಲ್ಲೇ ಇದ್ದವು, ಸುಳ್ಳು ಹೇಳಿದವಳು ನಾನು, ಇವರು ಮುಟ್ಟಿರಲಿಲ್ಲ ಎಂದೆ. ಕೊಳ್ಳಲು ನಿಂತಿದ್ದವರೂ ತಿರುಗಿ ನೋಡಿದರು.

ಕೊನೆಯಲ್ಲಿ ಕೂತಿದ್ದಾಕೆ ಕಿವಿಗೆ ಕೈ ಇಟ್ಟುಕೊಂಡು, "ಏನಂದೆ ಮಗ? ನಂಗೆ ಕಿವಿ ಕೇಳಕಿಲ್ಲ" ಅಂದರು.

ಇನ್ನೊಂದು ಸಲ, ಜೋರಾಗಿ ಹೇಳಿದೆ.