ಮೂರು ದಿನದ ಎಣಿಕೆ

ಡಾಕ್ಟರು ಕೇಳಿದಾಗಲೆಲ್ಲ ನಾನು ‘ಮೂರು ದಿನ’ ಎಂದೇ ಹೇಳಿದ್ದೆ. ಸುಳ್ಳು ಹೇಳುವ ಉದ್ದೇಶವೇನೂ ಇರಲಿಲ್ಲ. ಸಿದ್ದಾಪುರ ಕಡೆಯ ನಮ್ಮ ಮನೆಯಲ್ಲಿ ಮುಟ್ಟೆಂದರೆ ಮೂರು ದಿನ ಹೊರಗೆ, ನಾಲ್ಕನೆಯ ದಿನ ಮಿಂದು ಒಳಗೆ. ಆಮೇಲೂ ರಕ್ತ ಹೋಗುತ್ತಿದ್ದರೆ ಅದಕ್ಕೆ ಹೆಸರೂ ಇಲ್ಲ, ಲೆಕ್ಕವೂ ಇಲ್ಲ. ನನಗೆ ಹನ್ನೊಂದು ದಿನ ಹೋಗುತ್ತಿತ್ತು.

ಶಿರಸಿಯಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದೆ. ಒಂದು ದಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಹನಿ ಅಳೆಯುವ ಬ್ಯೂರೆಟ್ ನಳಿಕೆ ತುಂಬಿಸುತ್ತಿದ್ದವಳು ಕಣ್ಣು ಕತ್ತಲೆ ಬಂದು ಕುಸಿದೆ. ಆಸ್ಪತ್ರೆಯಲ್ಲಿ ರಕ್ತ ತೀರಾ ಕಡಿಮೆ ಎಂದರು. ಮುಟ್ಟು ಮೂರೇ ದಿನ ಎಂದಮೇಲೆ ಡಾಕ್ಟರಾದರೂ ಏನು ಮಾಡಿಯಾರು? ಹೊಟ್ಟೆಯಲ್ಲಿ ಹುಳವಿರಬಹುದೆಂದು ಮಾತ್ರೆ ಕೊಟ್ಟರು. ಇಲ್ಲದ ಹುಳಗಳನ್ನು ಕೊಲ್ಲಲು ಎರಡು ಸಲ ನುಂಗಿದೆ. ಕಬ್ಬಿಣದ ಮಾತ್ರೆ ಬೇರೆ. ಪ್ರಾಕ್ಟಿಕಲ್ ಪರೀಕ್ಷೆಗೆ ಎರಡು ತಿಂಗಳಿತ್ತು. ನಾಲ್ಕು ತಾಸು ನಿಲ್ಲಬೇಕು, ನಿಲ್ಲಲಾಗದಿದ್ದರೆ ಒಂದು ವರ್ಷ ಹೋದ ಹಾಗೆಯೇ. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಮೂರನೆಯ ಸಲ, ಬನವಾಸಿ ಕಡೆಯ ನನ್ನ ರೂಮ್‌ಮೇಟ್ ಜೊತೆಗೆ ಬಂದಳು. ಡಾಕ್ಟರು ಅದೇ ಪ್ರಶ್ನೆ ಕೇಳಿದರು, ನಾನು ಅದೇ ಉತ್ತರ ಕೊಟ್ಟೆ. ಅವಳು ಬಾಯಿ ಮುಚ್ಚಿಕೊಂಡು ಕೂರುವ ಪೈಕಿ ಅಲ್ಲ.

“ಎಲ್ಲಿ ಮೂರ್ರೀ ಮೇಡಂ? ಹತ್ತನೇ ದಿನಾನೂ ನನ್ನ ಕಡೆ ಪ್ಯಾಡ್ ಇಸ್ಕೊಂಡಾಳ್ರಿ.”

ಡಾಕ್ಟರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ನನಗೆ ಸಿಟ್ಟು ಬಂತು, ಮೊದಲು ಅವಳ ಮೇಲೆ, ಆಮೇಲೆ ನನ್ನ ಮೇಲೇ. ಬ್ಯೂರೆಟ್ಟಿನಿಂದ ಒಂದು ಹನಿ ಹೆಚ್ಚು ಬಿದ್ದರೆ ಮತ್ತೆ ಮೊದಲಿನಿಂದ ಮಾಡುವವಳು ನಾನು. ಅಂಥವಳು ನನ್ನದೇ ರಕ್ತವನ್ನು ಮಡಿ-ಮೈಲಿಗೆಯ ಲೆಕ್ಕದಲ್ಲಿ ಎಣಿಸಿದ್ದೆ. ಹನ್ನೊಂದು ದಿನ ಎಂದು ಗಟ್ಟಿಯಾಗಿಯೇ ಹೇಳಿದೆ. ಸ್ಕ್ಯಾನಿಂಗ್, ಮತ್ತೊಂದಿಷ್ಟು ರಕ್ತ ಪರೀಕ್ಷೆ ಎಲ್ಲ ಆಗಿ ಥೈರಾಯ್ಡ್ ತೊಂದರೆ ಎಂದು ಗೊತ್ತಾಯಿತು, ಔಷಧ ಶುರುವಾಯಿತು. ಪರೀಕ್ಷೆಯ ದಿನ ನಾಲ್ಕು ತಾಸೂ ನಿಂತೆ.

ಊರಿಗೆ ಹೋದಾಗ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ನನ್ನ ಅಮ್ಮ ನಾಲ್ಕು ಮೆಟ್ಟಿಲು ಹತ್ತಿದರೆ ಕೂತು ಸುಧಾರಿಸಿಕೊಳ್ಳುವವಳು. ಅವಳು ಇರುವುದೇ ಹಾಗೆ ಎಂದು ನಾವೆಲ್ಲ ತಿಳಿದಿದ್ದೆವು. ಹೆಚ್ಚುತ್ತಿದ್ದ ಬದನೆಕಾಯಿ ಕೆಳಗಿಟ್ಟು ಅಮ್ಮ ತನ್ನತ್ತಲೇ ಕೈ ತೋರಿಸಿಕೊಂಡಳು.

“ಯಂಗೂ ಹಂಗೇ ಆಗ್ತು, ಕೂಸೆ.”

ಮರುವಾರವೇ ಅವಳನ್ನು ಶಿರಸಿ ಬಸ್ಸು ಹತ್ತಿಸಿದೆ. ಬೇಡ, ಮನೆಯಲ್ಲಿ ಕೆಲಸವಿದೆ ಎಂದಳು. ನಾನು ಕೇಳಲಿಲ್ಲ.

ಅದೇ ಡಾಕ್ಟರು, ಅದೇ ಪ್ರಶ್ನೆ. ಮೂರು ದಿನ ಎಂದಳು ಅಮ್ಮ. ನಾನು ಅವಳತ್ತ ತಿರುಗಿದೆ. ಅಮ್ಮ ಸೆರಗು ಸರಿಮಾಡಿಕೊಂಡು, ಬೆರಳು ಮಡಚಿ ಎಣಿಸತೊಡಗಿದಳು. ಒಂದು ಕೈ ಮುಗಿಯಿತು. ಇನ್ನೊಂದು ಕೈಯೂ ಮುಗಿಯಿತು. ಎಣಿಕೆ ಇನ್ನೂ ನಿಂತಿರಲಿಲ್ಲ.