ಓರೆಯಾಗಿ ನಿಂತ ಕುದುರೆ

ಟೈಲ್ಸ್ ಕೂರಿಸುವ ಈ ಮೇಸ್ತ್ರಿಗೆ ಕೆಲಸದ ಜಾಗದಲ್ಲಿ ಇಟ್ಟಿರುವ ಹೆಸರು ರಸಮಟ್ಟ. ನೆಲ ಸಮವಾಗಿದೆಯೇ ಎಂದು ನೋಡಲು ಬಳಸುವ, ಗಾಜಿನ ನಳಿಗೆಯೊಳಗೆ ಗುಳ್ಳೆ ಓಡಾಡುವ ಆ ಉದ್ದನೆಯ ಪಟ್ಟಿ ಅವರ ಚೀಲದಲ್ಲಿ ಸದಾ ಇರುತ್ತದೆ. ಹೊರಗೆ ಬರುವುದು ಮಾತ್ರ ಅಪರೂಪ. ಮೇಸ್ತ್ರಿ ಅಂಗೈಯನ್ನು ಒಮ್ಮೆ ನೆಲದ ಮೇಲೆ ಸವರಿ "ಇಲ್ಲಿ ಎದ್ದಿದೆ" ಅನ್ನುತ್ತಾರೆ. ನಂಬದವರು ಪಟ್ಟಿ ಇಟ್ಟು ನೋಡುತ್ತಾರೆ. ಗುಳ್ಳೆಯೂ ಅದನ್ನೇ ಹೇಳುತ್ತದೆ.

ವಯಸ್ಸು ಐವತ್ನಾಲ್ಕು. ಮೂವತ್ತೊಂದು ವರ್ಷ ಮೊಣಕಾಲೂರಿ ಮಾಡಿದ ಕೆಲಸ. ಸಿಮೆಂಟು ತಿಂದ ಬೆರಳ ತುದಿಗಳಲ್ಲಿ ಗೆರೆಗಳೇ ಉಳಿದಿಲ್ಲ. ಬೆರಳಚ್ಚು ಕೇಳುವ ಯಂತ್ರಗಳೆಲ್ಲ ಅವರಿಗೆ ಕೆಂಪು ದೀಪ ತೋರಿಸುತ್ತವೆ. ಆ ಬೆರಳುಗಳಿಗೆ ಒಂದು ಚಾಳಿ ಇದೆ. ಓರೆಯಾಗಿರುವುದನ್ನು ನೇರ ಮಾಡದೆ ಬಿಡುವುದಿಲ್ಲ. ಗಾರೆಯ ಮೇಲೆ ಟೈಲ್ ಇಟ್ಟಮೇಲೆ ಹೆಬ್ಬೆರಳು, ತೋರುಬೆರಳಿನಲ್ಲಿ ಅಂಚು ಹಿಡಿದು ಕೂದಲೆಳೆಯಷ್ಟು ತಿರುಗಿಸುವುದು ಕೆಲಸದ ಕೊನೆಯ ಹಂತ. ದಿನಕ್ಕೆ ಇನ್ನೂರು ಸಲ ಮಾಡುವ ಇದಕ್ಕೆ ಈಗ ತಲೆಯ ಅಪ್ಪಣೆ ಬೇಕಿಲ್ಲ. ಚಹಾದ ಅಂಗಡಿಯಲ್ಲಿ ಪಕ್ಕದವರ ಲೋಟ, ಬಾಗಿಲ ಬಳಿಯ ಚಪ್ಪಲಿ, ಬಸ್ಸಿನಲ್ಲಿ ಮುಂದಿನ ಸೀಟಿನವನ ಕಾಲರು, ಯಾವುದೂ ತಪ್ಪಿಸಿಕೊಳ್ಳುವುದಿಲ್ಲ. ಮೊಣಕಾಲಿಗೆ ಇಂಜೆಕ್ಷನ್ ಹಾಕಿಸಿಕೊಳ್ಳಲು ಹೋದಾಗ ಟ್ರೇಯಲ್ಲಿದ್ದ ಸೂಜಿಗಳನ್ನು ಸಾಲಾಗಿ ಜೋಡಿಸಲು ಹೋಗಿ ನರ್ಸಿನಿಂದ ಕೈಮೇಲೆ ಏಟು ತಿಂದಿದ್ದಾರೆ.

ಹೆಂಡತಿ ದರ್ಜಿಯ ಅಂಗಡಿಗೆ ಮನೆಯಿಂದಲೇ ಅಂಗಿಗಳ ಗುಂಡಿಗೆ ಕಾಜಾ ಹಾಕಿಕೊಡುವವರು. ಕಣ್ಣು ಬಟ್ಟೆಯಿಂದ ಎತ್ತದೆಯೇ ಮಾತಾಡುತ್ತಾರೆ. "ಬೇಕೂಂತಲೇ ಕಪ್ಪಿನ ಹಿಡಿ ಆ ಕಡೆ ತಿರುಗಿಸಿ ಇಡ್ತೀನಿ. ಮಾತಾಡ್ತಾ ಮಾತಾಡ್ತಾ ಸರಿ ಮಾಡಿಬಿಡ್ತಾರೆ. ಕೇಳಿದ್ರೆ, ನಾನೆಲ್ಲಿ ಮುಟ್ಟಿದೆ ಅಂತಾರೆ. ಸುಳ್ಳಲ್ಲ. ಅವರಿಗೆ ನಿಜವಾಗ್ಲೂ ಗೊತ್ತಾಗಲ್ಲ."

ಚೆಸ್ ಅವರ ಬದುಕಿಗೆ ಬಂದದ್ದೂ ಟೈಲ್ಸ್ ಕೆಲಸದಿಂದಲೇ. ಹದಿನಾಲ್ಕು ವರ್ಷಗಳ ಹಿಂದೆ, ಸೈಕಲ್ ಅಂಗಡಿಯ ಮೇಲಿನ ಮಹಡಿಯ ಚೆಸ್ ಕೋಣೆಗೆ ಹೊಸ ನೆಲ ಹಾಕಿದ್ದರು. ಹಾಕಿದ ನೆಲದ ಮೇಲೆ ಒಂದು ದಿನ ಯಾರೂ ಕಾಲಿಡುವಂತಿಲ್ಲ. ಕೋಣೆ ನೋಡಿಕೊಳ್ಳುತ್ತಿದ್ದವರು ನಿವೃತ್ತ ಅಂಚೆಯವರು, ಎಲ್ಲರ ಬಾಯಲ್ಲೂ ಪೋಸ್ಟ್ ಮಾಮ. ಒಳಗೆ ಹೋಗಲಾಗದೆ ಅವರು ಮೆಟ್ಟಿಲ ಮೇಲೆಯೇ ಚೆಸ್ ಹಲಗೆ ಬಿಡಿಸಿ ಕೂತರು. ಎದುರಿಗೆ ಆಡಲು ಇನ್ಯಾರೂ ಇರಲಿಲ್ಲ, ನೆಲಕ್ಕೆ ಕಾವಲು ಕೂತ ಮೇಸ್ತ್ರಿಯ ಹೊರತು.

"ಬಾರಯ್ಯ, ಹೊತ್ತು ಹೋಗ್ಬೇಕಲ್ಲ."

ಸಂಜೆಯೊಳಗೆ ಮೇಸ್ತ್ರಿ ಹನ್ನೊಂದು ಆಟ ಸೋತು, ಹನ್ನೆರಡನೆಯದಕ್ಕೆ ಕಾಯಿ ಜೋಡಿಸತೊಡಗಿದರು. ಒಂದೊಂದು ಕಾಯಿಯೂ ತನ್ನ ಮನೆಯ ನಟ್ಟನಡುವೆ. ಕುದುರೆಗಳೆರಡರ ಮೂಗೂ ನೇರ ಮುಂದಕ್ಕೆ. ಪೋಸ್ಟ್ ಮಾಮ ನೋಡುತ್ತಾ ಕೂತಿದ್ದು, "ಆಡೋಕೆ ಬರಲ್ಲ. ಜೋಡಿಸೋಕೆ ಮಾತ್ರ ನಿನ್ನ ಬಿಟ್ರಿಲ್ಲ" ಎಂದರು.

ಅಂದಿನಿಂದ ಕಲಿಕೆ ನಿಂತಿಲ್ಲ. ಟೈಲ್ಸ್ ಡಬ್ಬದ ರಟ್ಟು ಹರಿದು, ಅದರ ಮೇಲೆ ಪೆನ್ಸಿಲ್ಲಿನಲ್ಲಿ ಬಿಡಿಸಬೇಕಾದ ಚೆಸ್ ಸಮಸ್ಯೆಗಳನ್ನು ಬರೆದುಕೊಂಡು, ಅಂಚು ಕತ್ತರಿಸುವಾಗ ಮನಸ್ಸಿನಲ್ಲೇ ಆಡುತ್ತಿದ್ದರು. ಗಾರೆ ಕಲಸಲು ಬರುತ್ತಿದ್ದ ಹೆಂಡತಿಯ ತಮ್ಮ ಆ ರಟ್ಟುಗಳನ್ನು ಭಾವನ ಪ್ರೇಮಪತ್ರ ಅನ್ನುತ್ತಿದ್ದ. ಮೊದಲ ಮೂರು ವರ್ಷ ಇಪ್ಪತ್ತು ನಡೆಯೊಳಗೆ ಸೋಲುತ್ತಿದ್ದರು. ನಂತರ ನಲವತ್ತರಲ್ಲಿ. ಹತ್ತನೇ ವರ್ಷಕ್ಕೆ ಎಪ್ಪತ್ತರಲ್ಲಿ. ಬೇಗ ಸೋಲುತ್ತಿದ್ದವರು ತಡವಾಗಿ ಸೋಲತೊಡಗಿದರು. ಪ್ರಗತಿ ಎಂದರೆ ಬಹುಪಾಲು ಇಷ್ಟೇ. ಫೋನಿನ ಆಟದಲ್ಲಿ ಅವರ ಅಂಕ ಒಂದು ಎತ್ತರಕ್ಕೆ ಏರಿ, ನಾಲ್ಕು ವರ್ಷ ಅಲ್ಲೇ ಏರುತ್ತಾ ಇಳಿಯುತ್ತಾ ಉಳಿಯಿತು.

"ನಿಂಗೆ ಆಟ ಅರ್ಥ ಆಗುತ್ತೆ ಕಣಯ್ಯ," ಎಂದು ಪೋಸ್ಟ್ ಮಾಮ ಒಮ್ಮೆ ಬಿಡಿಸಿ ಹೇಳಿದ್ದರು. "ಎದುರಿಗಿರೋನು ಏನು ಮಾಡ್ತಾನೆ ಅಂತ ನೋಡಲ್ಲ. ಟೈಲ್ಸು ತಿರುಗಿ ನಡೆ ಆಡಲ್ವಲ್ಲ, ಆ ಅಭ್ಯಾಸ."

"ಅದನ್ನ ಬಿಡೋದು ಹೇಗೆ ಮಾಮ?"

"ಬಿಡೋ ವಯಸ್ಸು ದಾಟಿದೆ. ತಡೆದುಕೊಳ್ಳೋದು ಕಲಿ."

ತಡೆದುಕೊಳ್ಳಬೇಕಾದದ್ದು ಇನ್ನೂ ಒಂದಿತ್ತು, ಕೈ. ಚೆಸ್ಸಿನಲ್ಲಿ ತನ್ನ ಸರದಿ ಬಂದಾಗ ಮುಟ್ಟಿದ ಕಾಯಿಯನ್ನೇ ನಡೆಸಬೇಕು. ಓರೆಯಾದದ್ದನ್ನು ಸರಿಪಡಿಸಬೇಕಿದ್ದರೆ ಮುಟ್ಟುವ ಮೊದಲೇ ಬಾಯಿಬಿಟ್ಟು "ಸರಿ ಮಾಡ್ತೀನಿ" ಎನ್ನಬೇಕು. ಸೈಕಲ್ ಅಂಗಡಿಯ ಮೇಲೆ ಆಡುವವರೆಲ್ಲ ಮೇಸ್ತ್ರಿಯ ಚಾಳಿ ಬಲ್ಲವರು, ಏನೂ ಅನ್ನುತ್ತಿರಲಿಲ್ಲ. ಟೂರ್ನಮೆಂಟಿನಲ್ಲಿ ಹಾಗೆ ನಡೆಯುವುದಿಲ್ಲ. ಅದಕ್ಕೆ ಪೋಸ್ಟ್ ಮಾಮ ಕಂಡುಹಿಡಿದ ಮದ್ದು ಸರಳವಾಗಿತ್ತು: ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟು ಕೂರುವುದು, ನಡೆ ತೀರ್ಮಾನವಾದ ಮೇಲೆ ಮಾತ್ರ ಬಲಗೈ ಹೊರಗೆ ತೆಗೆಯುವುದು. ಮೇಸ್ತ್ರಿ ಹಾಗೆಯೇ ಆಡಿದರು. ನೋಡಿದವರು ಚಳಿಯಾಗುತ್ತಿದೆಯೇನೋ ಅಂದುಕೊಳ್ಳುತ್ತಿದ್ದರು.

ಅವರಿಗೆ ಬೇಕಿದ್ದದ್ದು ಒಂದೇ. ಚೆಸ್ ಆಟಗಾರರ ರೇಟಿಂಗ್ ಪಟ್ಟಿಯಲ್ಲಿ ತಮ್ಮ ಹೆಸರು, ಅದರ ಮುಂದೆ ಒಂದು ಸಂಖ್ಯೆ. ನೂರಾರು ಮನೆಗಳಿಗೆ ನೆಲ ಹಾಕಿದ್ದಾರೆ. ಹಾಕಿದವರು ಯಾರು ಎಂದು ಯಾವ ಮನೆಯಲ್ಲೂ ಯಾರೂ ಕೇಳಿಲ್ಲ, ಟೈಲ್ ಬಿರುಕು ಬಿಟ್ಟಾಗ ಬಿಟ್ಟರೆ. "ಕಟ್ಟಕಡೆ ಸಾಲಾದ್ರೂ ಪರವಾಗಿಲ್ಲ," ಎಂದು ಹೆಂಡತಿಯ ಹತ್ತಿರ ಹೇಳಿದ್ದರು. "ಇದ್ದೆ ಅಂತಾದ್ರೂ ಆಗುತ್ತೆ."

"ಕಟ್ಟಕಡೆ ಸಾಲಲ್ಲಿ ಸಿಗೋದಕ್ಕೆ ಹದಿನಾಲ್ಕು ವರ್ಷವೇನ್ರಿ," ಎಂದಿದ್ದರು ಆಕೆ, ದಾರ ಕಚ್ಚಿ ತುಂಡರಿಸುತ್ತಾ.

ಪಟ್ಟಿ ಸೇರುವುದಕ್ಕೆ ಕಟ್ಟುಪಾಡುಗಳಿದ್ದವು. ಈಗಾಗಲೇ ಪಟ್ಟಿಯಲ್ಲಿರುವವರ ಎದುರು ಐದು ಆಟ ಆಡಿ, ಒಂದು ಮಟ್ಟಕ್ಕಿಂತ ಮೇಲೆ ನಿಲ್ಲಬೇಕು. ಸುಮಾರು ಎರಡು ವರ್ಷ ದಾಟಿದ ಆಟಗಳು ಎಣಿಕೆಯಿಂದ ಬಿದ್ದುಹೋಗುತ್ತವೆ. ಮೇಸ್ತ್ರಿಯ ಹೆಸರಿನಲ್ಲಿ ಇದ್ದದ್ದು ನಾಲ್ಕು ಆಟ: ಒಂದು ಗೆಲುವು, ಒಂದು ಡ್ರಾ, ಎರಡು ಸೋಲು. ಗೆಲುವಿಗೂ ಡ್ರಾಕ್ಕೂ ಆ ತಿಂಗಳ ಕೊನೆಗೆ ಅವಧಿ ಮುಗಿಯುತ್ತಿತ್ತು. ಅದಕ್ಕೂ ಮುಂಚೆ ಉಳಿದಿದ್ದ ಟೂರ್ನಮೆಂಟ್ ಒಂದೇ. ಅದರಾಚೆಗೆ ಬಾಗಿಲು ಬೇರೆ ರೀತಿಯಲ್ಲೂ ಮುಚ್ಚಿತ್ತು. ಮೊಣಕಾಲು ಇನ್ನು ನೆಲಕ್ಕೂರುವಂತಿಲ್ಲ ಎಂದು ಮೂಳೆ ಡಾಕ್ಟರು ಹೇಳಿಯಾಗಿತ್ತು. ಮುಂದಿನ ತಿಂಗಳಿಂದ ಮೇಸ್ತ್ರಿಗೆ ಗೋದಾಮಿನ ಗೇಟಿನಲ್ಲಿ ಕಾವಲು ಕೆಲಸ, ಅದಕ್ಕೆ ಭಾನುವಾರವೂ ರಜೆಯಿಲ್ಲ.

ಶಾಲೆಯೊಂದರ ಸಭಾಂಗಣದಲ್ಲಿ ಎರಡು ದಿನ, ಐದು ಸುತ್ತು. ಮೊದಲ ನಾಲ್ಕರಲ್ಲಿ ಎದುರಾದವರು ಮೇಸ್ತ್ರಿಯಂತೆಯೇ ಪಟ್ಟಿಯ ಹೊರಗಿನವರು. ಆ ಆಟಗಳು ಎಣಿಕೆಗೆ ಬಾರವು. ಭಾನುವಾರ ಮಧ್ಯಾಹ್ನದ ಕೊನೆಯ ಸುತ್ತಿಗೆ ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಮೇಸ್ತ್ರಿಯ ಎದುರು ಬಂದದ್ದು ಹಲ್ಲಿನ ಡಾಕ್ಟರೊಬ್ಬರ ಹೆಸರು. ಆಕೆಗೆ ರೇಟಿಂಗ್ ಇತ್ತು. ಪೋಸ್ಟ್ ಮಾಮ ಕನ್ನಡಕ ಹಣೆಗೇರಿಸಿ, ಬಸ್ ಟಿಕೆಟಿನ ಹಿಂದೆ ಲೆಕ್ಕ ಹಾಕಿದರು.

"ಗೆದ್ರೆ ಪಟ್ಟಿಗೆ ಬರ್ತೀಯ. ಡ್ರಾ ಆದ್ರೆ ಸಾಲ್ದು."

"ಹಲ್ಲಿನ ಡಾಕ್ಟ್ರು ಅಂದ್ರೆ ಕೈ ನಡುಗಲ್ಲ."

"ನಿನ್ನ ಕೈಯೂ ನಡುಗಲ್ಲ. ಸುಮ್ನಿರಲ್ಲ, ಅಷ್ಟೇ. ತೊಡೆ ಕೆಳಗಿಡು."

ಸಭಾಂಗಣಕ್ಕೆ ಕಾಲಿಟ್ಟಾಗಲೇ ಮೇಸ್ತ್ರಿಯ ಅಂಗಾಲಿಗೆ ನೆಲದ ಸಂಗತಿ ತಿಳಿದಿತ್ತು. ಯಾರೋ ಅವಸರದಲ್ಲಿ ಹಾಕಿದ ನೆಲ. ಅವರ ಮೇಜಿನ ಒಂದು ಕಾಲು ಮೇಲೆದ್ದ ಟೈಲಿನ ಅಂಚಿನ ಮೇಲೆ ಕೂತು, ಮೇಜು ಕುಂಟುತ್ತಿತ್ತು. ಕುಳಿತುಕೊಳ್ಳುವ ಮೊದಲು ಅವರು ಕಾಗದ ನಾಲ್ಕು ಮಡಿಕೆ ಮಾಡಿ ಎದುರಿನ ಕಾಲಿನ ಕೆಳಗೆ ತುರುಕಿದರು.

"ಎಂಥಾ ಕೆಲಸ ಮಾಡಿದ್ದಾರೆ ನೋಡಿ," ಎಂದರು ಡಾಕ್ಟರಿಗೆ.

"ನಮ್ಮಲ್ಲೂ ಹಾಗೇ ಸರ್," ಎಂದರು ಆಕೆ. "ಬಾಯಿ ತೆಗೆಸಿ ನೋಡಿದ್ರೆ ಹಿಂದಿನವರ ಕೆಲಸ ಕಾಣುತ್ತೆ."

ಇಬ್ಬರೂ ನಕ್ಕರು. ಆಟ ಶುರುವಾಯಿತು.

ಮೇಸ್ತ್ರಿ ಬದುಕಿನಲ್ಲಿ ಅಷ್ಟು ಚೆನ್ನಾಗಿ ಆಡಿರಲಿಲ್ಲ. ಪ್ರತಿ ನಡೆಗೂ ಮೊದಲು ತಮ್ಮನ್ನು ತಾವೇ ಕೇಳಿಕೊಂಡರು, ಈಗ ಈಕೆ ಏನು ಮಾಡುತ್ತಾರೆ ಎಂದು. ಹದಿನೆಂಟನೇ ನಡೆಯಲ್ಲಿ ಡಾಕ್ಟರ ಒಂದು ಪೇದೆ ಸಿಕ್ಕಿತು. ರಾಣಿಗಳು ಹೋದವು. ಎರಡೂವರೆ ಗಂಟೆಯ ನಂತರ ಹಲಗೆಯ ಮೇಲೆ ಉಳಿದದ್ದು ಕೆಲವೇ ಕಾಯಿ. ಇಬ್ಬರ ಆನೆಗಳೂ ಎದುರುಬದುರು ನಿಂತಿದ್ದವು; ಮೇಸ್ತ್ರಿಯ ಆನೆಗೆ ಕುದುರೆಯ ಕಾವಲಿತ್ತು. ಇನ್ನೊಂದು ಬದಿಯಲ್ಲಿ ಮೇಸ್ತ್ರಿಯ ಪೇದೆಯೊಂದು ರಾಣಿಯಾಗಲು ಎರಡೇ ಮನೆ ದೂರದಲ್ಲಿತ್ತು. ಅದನ್ನು ಮುಂದಕ್ಕೆ ತಳ್ಳಿದರೆ ತಡೆಯುವ ದಾರಿ ಡಾಕ್ಟರಿಗಿರಲಿಲ್ಲ. ದೂರದಲ್ಲಿ ಗೋಡೆಗೊರಗಿ ನಿಂತ ಪೋಸ್ಟ್ ಮಾಮನಿಗೂ ಅದು ಕಂಡಿತ್ತು. ಅವರು ನೋಡಲಾಗದೆ ಹೊರಗೆ ಹೋದರು.

ಡಾಕ್ಟರು ತಮ್ಮ ನಡೆ ಆಡಿ ಗಡಿಯಾರದ ಗುಂಡಿ ಒತ್ತಿದರು. ಮಡಿಸಿದ ಕಾಗದ ಯಾವಾಗಲೋ ಜಾರಿಹೋಗಿತ್ತು. ಮೇಜು ಕುಂಟಿತು. ಹಲಗೆಯ ಮೇಲಿನ ಕಾಯಿಗಳೆಲ್ಲ ಒಂದಿಷ್ಟು ಕದಲಿದವು.

ಮೇಸ್ತ್ರಿ ಮೂರು ನಿಮಿಷ ಯೋಚಿಸಿದರು. ಬಲಗೈ ಹೊರಬಂತು. ಪೇದೆಯನ್ನು ಒಂದು ಮನೆ ಮುಂದಕ್ಕೆ ತಳ್ಳಿ ಗುಂಡಿ ಒತ್ತಿದರು.

ಡಾಕ್ಟರು ಗಡಿಯಾರ ನಿಲ್ಲಿಸಿ, ತಗ್ಗಿದ ದನಿಯಲ್ಲಿ, "ಸರ್, ಮೊದಲು ಕುದುರೆ ಮುಟ್ಟಿದ್ರಿ" ಎಂದರು.

"ಇಲ್ಲ ಡಾಕ್ಟ್ರೇ. ಪೇದೆ ಅಲ್ವಾ ಮುಟ್ಟಿದ್ದು."

"ಕುದುರೆ ಮುಟ್ಟಿ, ಆಮೇಲೆ ಪೇದೆ. ನೀವೇನೂ ಹೇಳಲೂ ಇಲ್ಲ."

ತೀರ್ಪುಗಾರರು ಬಂದರು. ಅಕ್ಕಪಕ್ಕದ ಮೇಜಿನವರನ್ನು ಕೇಳಿದರು, ಯಾರೂ ನೋಡಿರಲಿಲ್ಲ. "ಸಾಕ್ಷಿ ಇಲ್ಲ ಅಂದ್ಮೇಲೆ ನಾನು ಬಲವಂತ ಮಾಡೋ ಹಾಗಿಲ್ಲ," ಎಂದರು ಅವರು. "ಯಜಮಾನ್ರೇ, ನೀವೇ ಹೇಳಿ. ಮುಟ್ಟಿಲ್ಲ ಅಂದ್ರೆ ಆಟ ಹೀಗೇ ಮುಂದುವರೀತದೆ."

ಮುಟ್ಟಿಲ್ಲ ಎಂದು ಹೇಳಲೆಂದೇ ಮೇಸ್ತ್ರಿ ಬಾಯಿ ತೆರೆದರು. ಅವರ ಮಟ್ಟಿಗೆ ಅದು ನಿಜವಾಗಿತ್ತು. ಹೇಳುವ ಮುಂಚೆ ಹಲಗೆಯ ಕಡೆ ನೋಡಿದರು.

ಮೇಜು ಕುಂಟಿದಾಗ ಕದಲಿದ ಕಾಯಿಗಳೆಲ್ಲ ಹಾಗೆಯೇ ಇದ್ದವು. ರಾಜ ತನ್ನ ಮನೆಯ ಗೆರೆ ತುಳಿದಿದ್ದ. ಆನೆಗಳು ಒಂದು ಬದಿಗೆ ಸರಿದಿದ್ದವು. ಅವರು ತಳ್ಳಿದ ಪೇದೆ ಕೂಡ ಅವಸರದಲ್ಲಿ ಅಂಚಿಗೆ ಹತ್ತಿರ ನಿಂತಿತ್ತು. ಕುದುರೆ ಮಾತ್ರ ಮನೆಯ ನಟ್ಟನಡುವೆ ಇತ್ತು. ನಾಲ್ಕೂ ಬದಿಗೆ ಸಮನಾದ ಜಾಗ, ಮೂಗು ನೇರ ಮುಂದಕ್ಕೆ. ಇಡೀ ಸಭಾಂಗಣದಲ್ಲಿ ಹಾಗೆ ಇಡುವವರು ಒಬ್ಬರೇ ಇದ್ದರು. ಮೂವತ್ತೊಂದು ವರ್ಷಗಳಲ್ಲಿ ತಾವು ಹಾಕಿದ ಯಾವ ನೆಲವನ್ನು ತೋರಿಸಿದರೂ ಮೇಸ್ತ್ರಿ ಗುರುತು ಹಿಡಿಯುತ್ತಿದ್ದರು. ಇದನ್ನೂ ಹಿಡಿದರು.

"ಮುಟ್ಟಿದ್ದೀನಿ," ಎಂದರು.

ಪೇದೆ ಹಿಂದಕ್ಕೆ ಬಂತು. ಕುದುರೆಗೆ ಹೋಗಲು ಮೂರು ಮನೆಗಳಿದ್ದವು. ಯಾವುದಕ್ಕೆ ಹೋದರೂ ಆನೆಯ ಕಾವಲು ತಪ್ಪುತ್ತಿತ್ತು. ಇಪ್ಪತ್ತು ನಿಮಿಷ ಮೂರನ್ನೂ ಸುತ್ತಿ ನೋಡಿ, ಮೇಸ್ತ್ರಿ ಒಂದನ್ನು ಆರಿಸಿದರು. ಡಾಕ್ಟರು ಆನೆಯನ್ನು ಹೊಡೆದರು. ಇನ್ನೂ ಒಂಬತ್ತು ನಡೆ ನಡೆದವು, ಒಂದಕ್ಕೂ ಅರ್ಥವಿರಲಿಲ್ಲ. ಫಲಿತಾಂಶದ ಹಾಳೆಗೆ ಸಹಿ ಹಾಕಿ ಡಾಕ್ಟರು ಪೆನ್ನನ್ನು ಮೇಸ್ತ್ರಿಯ ಕಡೆ ಸರಿಸಿದರು.

"ಕುದುರೆ ಮುಟ್ಟದೇ ಇದ್ದಿದ್ರೆ ನಾನು ಸೋತಿದ್ದೆ ಸರ್."

"ಗೊತ್ತು ಡಾಕ್ಟ್ರೇ."

ಹೊರಗೆ ಪೋಸ್ಟ್ ಮಾಮ ಮೆಟ್ಟಿಲ ಮೇಲೆ ಕೂತಿದ್ದರು. ಮೇಸ್ತ್ರಿಯ ನಡಿಗೆ ನೋಡಿ ಬಸ್ ಟಿಕೆಟನ್ನು ಜೇಬಿಗೆ ಹಾಕಿಕೊಂಡರು. ಇಬ್ಬರೂ ಒಟ್ಟಿಗೆ ಹೊರಟರು. ಸೈಕಲ್ ಅಂಗಡಿಯ ತಿರುವಿನಲ್ಲಿ ಪೋಸ್ಟ್ ಮಾಮ, "ಗೋದಾಮಿನಲ್ಲಿ ಮಧ್ಯಾಹ್ನ ಬಿಡುವು ಕೊಡ್ತಾರಾ?" ಎಂದು ಕೇಳಿದರು.

"ಅರ್ಧ ಗಂಟೆ."

"ಅರ್ಧ ಗಂಟೇಲಿ ಎಂಥ ಆಟ ಆಗುತ್ತೆ," ಎಂದು ಅವರು ಮೆಟ್ಟಿಲು ಹತ್ತಿದರು.

ಮನೆಯಲ್ಲಿ ಹೆಂಡತಿ ಕಿಟಕಿಯ ಬೆಳಕಿಗೆ ಅಂಗಿ ಹಿಡಿದು ಕಾಜಾ ಹಾಕುತ್ತಿದ್ದರು. ಸೂಜಿ ಬಟ್ಟೆಗೆ ಚುಚ್ಚಿಟ್ಟು ಚಹಾ ತಂದರು.

"ಏನಾಯ್ತು?"

"ಕುದುರೆ ಓರೆಯಾಗಿತ್ತು."

ಆಕೆ ಒಂದು ಕ್ಷಣ ಅವರ ಮುಖ ನೋಡಿದರು.

"ಸರಿ ಮಾಡಿದ್ರಾ?"

"ಮಾಡ್ದೆ."

ಆಕೆ ಕಪ್ಪನ್ನು ಎದುರಿಗಿಟ್ಟರು. ಆ ದಿನ ಬೇಕೆಂದು ತಿರುಗಿಸಿರಲಿಲ್ಲ, ಹಿಡಿ ತಾನಾಗಿಯೇ ಆ ಕಡೆಗಿತ್ತು. ಮೇಸ್ತ್ರಿ ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ಅವರ ಬಲಗೈ ಮೇಜಿನ ಮೇಲೆ ಮುಂದೆ ಹೋಯಿತು. ಹೆಬ್ಬೆರಳು, ತೋರುಬೆರಳು ಹಿಡಿಯನ್ನು ಹಿಡಿದು ಮೆಲ್ಲಗೆ ತಿರುಗಿಸಿ ನೇರ ಮಾಡಿದವು.

ಹೆಂಡತಿ ಆ ಕೈಯನ್ನು ನೋಡಿದರು. ಆಕೆ ನೋಡುತ್ತಿರುವುದನ್ನು ಕಂಡು ಮೇಸ್ತ್ರಿಯೂ ನೋಡಿದರು. ಬೆರಳುಗಳು ಇನ್ನೂ ಹಿಡಿಯ ಮೇಲೆಯೇ ಇದ್ದವು.