ಏಳನೆಯ ಸಾಲಿನ ಕಮಲಾಪುರ

ಕಾಕಾರ ಬಲಗೈ ಎಡಗೈಗಿಂತ ಬಹಳ ಕಪ್ಪಗಿತ್ತು. ಇಪ್ಪತ್ತೈದು ವರ್ಷ ಕಲಬುರಗಿ–ಕಮಲಾಪುರ ರಸ್ತೆಯಲ್ಲಿ ಬಾಡಿಗೆ ಗಾಡಿ ಓಡಿಸುತ್ತ, ಆ ಕೈಯನ್ನು ಕಿಟಕಿಗೆ ಒರಗಿಸಿ ಬಿಸಿಲಿಗೆ ಕೊಟ್ಟಿದ್ದರ ಗುರುತು ಅದು. ನಮಸ್ಕಾರ ಮಾಡಿದರೆ ಇಬ್ಬರ ಕೈ ಕೂಡಿಸಿಟ್ಟಂತೆ ಕಾಣುತ್ತಿತ್ತು. "ಒಂದು ನಮ್ಮವ್ವ ಕೊಟ್ಟಿದ್ದು, ಇನ್ನೊಂದು ಬಿಸಿಲು ಕೊಟ್ಟಿದ್ದು" ಎಂದು ನಗುತ್ತಿದ್ದರು.

ನಮಗೆ ಸಂಬಂಧಿಕರೇನಲ್ಲ, ಕಮಲಾಪುರದಲ್ಲಿ ನಮ್ಮ ಓಣಿಯವರು. ಕಾಲೇಜಿಗೆ ನಾನು ದಿನಾ ಅವರ ಗಾಡಿಯಲ್ಲೇ ಹೋಗಿಬರುತ್ತಿದ್ದೆ. ಒಂದು ಪರೀಕ್ಷೆಯ ದಿನ ಮಹಾಗಾಂವ ಕ್ರಾಸ್ ದಾಟಿದ ಮೇಲೆ ಹಾಲ್ ಟಿಕೆಟ್ ಮನೆಯಲ್ಲೇ ಬಿಟ್ಟದ್ದು ನೆನಪಾಗಿ ಅಳತೊಡಗಿದೆ. ಕಾಕಾ ಮಾತಿಲ್ಲದೆ ಗಾಡಿ ತಿರುವಿದರು. ಹಿಂದೆ ಕೂತವರು ಬಾಯಿಗೆ ಬಂದಂತೆ ಬೈದರು. "ಬೈರಿ, ಬೈರಿ. ನಿಮ್ಮ ಕೆಲಸ ಒಂದ್ ತಾಸು ತಡದೀತು. ಈ ಹುಡುಗಿ ಪರೀಕ್ಷಾ ತಡೀತದೇನ್ರಿ?" ಎಂದರು ಕಾಕಾ.

ನನಗೆ ಡ್ರೈವಿಂಗ್ ಕಲಿಸಿದ್ದೂ ಅವರೇ. "ಕಣ್ಣು ರಸ್ತೆ ಮ್ಯಾಲ, ಕಿವಿ ಹಿಂದಿನ ಸೀಟಿನ ಮ್ಯಾಲ" ಎಂದು ದಿನಕ್ಕೆ ಹತ್ತು ಸಲ ಹೇಳಿ ತಲೆ ತಿನ್ನುತ್ತಿದ್ದರು.

ಮುಂದೆ ಕಲಬುರಗಿಯಲ್ಲೇ ಒಂದು ಸಣ್ಣ ಸಾಫ್ಟ್‌ವೇರ್ ಆಫೀಸಿನಲ್ಲಿ ನನಗೆ ಕೆಲಸ ಸಿಕ್ಕಿತು. ಕಾರಿನ ಸ್ಕ್ರೀನಿನಲ್ಲಿ ಕಾಣುವ ಒಂದು ಮಾದರಿ ಆ್ಯಪ್ ಮಾಡಿ, ಖರೇ ಗಾಡಿಯಲ್ಲಿ ಪರೀಕ್ಷಿಸಿ ತೋರಿಸಬೇಕಿತ್ತು. ಲ್ಯಾಪ್‌ಟಾಪಿನ ಸುಳ್ಳು ಸ್ಕ್ರೀನಿನಲ್ಲಿ ಎಲ್ಲ ಸರಿಯಾಗಿ ನಡೆಯುತ್ತಿತ್ತು. ಖರೇ ಗಾಡಿ ಎಲ್ಲಿಂದ ತರಲಿ? ಕಾಕಾರನ್ನೇ ಕೇಳಿದೆ. ಅವರ ಹೊಸ ಗಾಡಿಯಲ್ಲಿ ಸ್ಕ್ರೀನ್ ಇತ್ತು. ಧೂಳು ಕೂತೀತೆಂದು ಅದಕ್ಕೆ ಅವರ ಹೆಂಡತಿ ಕಾಕು ಕಸೂತಿ ಹಾಕಿದ ಕರವಸ್ತ್ರ ಹೊದಿಸಿದ್ದರು!

ಮೊದಲನೆಯ ಭಾನುವಾರ ಕಾಕಾ ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಗಾಡಿ ನಿಲ್ಲಿಸಿದರು, ನಾನು ಫೋನಿಗೆ ವಾಯರ್ ಚುಚ್ಚಿ ಸ್ಕ್ರೀನಿಗೆ ಜೋಡಿಸಿದೆ. ಆ್ಯಪ್ ಬರಲೇ ಇಲ್ಲ. ಒಂದು ತಾಸು ನಾನು ಬರೆದ ಕೋಡನ್ನು ಶಪಿಸುತ್ತ ಕೂತೆ. ಕಾಕಾ ಬಾಳೆಹಣ್ಣು ಸುಲಿಯುತ್ತ, "ವಾಯರ್ ಬದಲಿ ಮಾಡಿ ನೋಡವಾ. ಕೆಲವೊಂದು ಬರೀ ಚಾರ್ಜ್ ಅಷ್ಟೇ ಮಾಡ್ತಾವ" ಎಂದರು. ಹೊಸ ವಾಯರ್ ಹಾಕಿದ ಕೂಡಲೇ ಆ್ಯಪ್ ಬಂತು. ನನಗೆ ನಾಚಿಕೆಯಾಯಿತು.

ಆ್ಯಪ್ ಎಂದರೆ ದೊಡ್ಡದೇನಲ್ಲ, ನಮ್ಮ ರಸ್ತೆಯ ಏಳು ನಿಲ್ದಾಣಗಳ ಪಟ್ಟಿ. ಕಾಕಾ ಬಾಯಲ್ಲಿ ಹೇಳಿದ್ದನ್ನು ಹಾಗೇ ಬರೆದುಕೊಂಡಿದ್ದೆ: ಮೊದಲು ಸೂಪರ್ ಮಾರ್ಕೆಟ್, ಕೊನೆಗೆ ಕಮಲಾಪುರ. ನಿಂತಾಗ ಏಳೂ ಕಂಡವು. ಗಾಡಿ ಹೊರಟಿತೋ ಇಲ್ಲವೋ, ಕಮಲಾಪುರ ಮಾಯ. ಓಡುವ ಗಾಡಿಯಲ್ಲಿ ಡ್ರೈವರನ ಕಣ್ಣು ಪಟ್ಟಿಗೆ ಅಂಟಬಾರದೆಂದು ಸ್ಕ್ರೀನ್ ಆರೇ ಸಾಲು ತೋರಿಸುತ್ತದಂತೆ, ಅದು ನನಗೆ ಗೊತ್ತಿರಲಿಲ್ಲ. ಹೇಳಿದ್ದೇ ತಡ, ಕಾಕಾ ಹೊಟ್ಟೆ ಹಿಡಿದು ನಕ್ಕರು. "ಏನವ್ವಾ, ನಮ್ಮೂರನ್ನೇ ಕಳಕೊಂಡು ಕುಂತಿ?"

ಮರು ಭಾನುವಾರ ಕಮಲಾಪುರವನ್ನು ಎಲ್ಲಕ್ಕಿಂತ ಮೇಲಿಟ್ಟು ತಂದೆ. ಕಾಕಾರಿಗೆ ಅದನ್ನು ಹೇಳಲಿಲ್ಲ. ಮಹಾಗಾಂವ ಕ್ರಾಸಿನ ಬೇವಿನ ಮರದಡಿ ಅವರು ಗಾಡಿ ನಿಲ್ಲಿಸಿದಾಗ, "ಓದ್ರಿ ಕಾಕಾ" ಎಂದೆ.

ಅವರು ಸ್ಕ್ರೀನಿನತ್ತ ಬಾಗಿ, ಗಂಭೀರವಾಗಿ ಓದಿದರು. "ಸೂಪರ್ ಮಾರ್ಕೆಟ್, ರಿಂಗ್ ರೋಡ್..." ಅದೇ ಹಳೆಯ ಪಟ್ಟಿ. ಕಡೆಗೆ, "ಕಮಲಾಪುರ. ಎಲ್ಲಾ ಬರೋಬ್ಬರಿ ಅದ."

ತಮಾಷೆ ಎಂದುಕೊಂಡು ಅವರ ಮುಖ ನೋಡಿದೆ. ತಮಾಷೆಯಾಗಿರಲಿಲ್ಲ.

"ಕಾಕಾ, ಮ್ಯಾಲ ಇರೋದು ಕಮಲಾಪುರರಿ."

ಅವರು ಕಣ್ಣು ಉಜ್ಜಿಕೊಂಡರು. ಆಮೇಲೆ, "ಕಣ್ಣಿನ ನಡುವ ಒಂದು ಕಪ್ಪು ಕಲಿ ಬಂದದವಾ. ಬದಿ ಎಲ್ಲಾ ಕಾಣ್ತದ, ನೆಟ್ಟಗ ನೋಡಿದ್ದು ಕಾಣವಲ್ದು. ಯಾರ ಮುಂದನೂ ಹೇಳಬ್ಯಾಡ. ಈ ರಸ್ತೆ ನನಗ ಬಾಯಿಪಾಠ ಅದ" ಎಂದರು.

ದಿನಾ ಆ ಗಾಡಿಯಲ್ಲಿ ಎಷ್ಟು ಜನ ಕೂರುತ್ತಾರೆ! ಗಾಡಿ ಬಿಟ್ಟರೆ ಕಾಕಾರಿಗೆ ಬೇರೆ ಜೀವವಿಲ್ಲವೆಂಬುದೂ ಗೊತ್ತಿತ್ತು. ನನ್ನದು ಮೊದಲೇ ಉರಿನಾಲಗೆ. "ರಸ್ತೆ ಬಾಯಿಪಾಠ ಅದ, ಖರೇ. ಅಡ್ಡ ಬರೋ ಎಮ್ಮಿ ಬಾಯಿಪಾಠ ಅದೇನ್ರಿ? ಸಾಲಿ ಮಕ್ಕಳು ಬಾಯಿಪಾಠ ಅದಾರೇನ್ರಿ?" ಎಂದುಬಿಟ್ಟೆ.

"ನಿನಗ ಸ್ಟೇರಿಂಗ್ ಹಿಡಿಯೋದು ಕಲಿಸಿದ್ದಕ್ಕ ನನಗೇ ಬುದ್ಧಿ ಹೇಳ್ತಿ?" ಎಂದು ಕಾಕಾ ಸಿಡುಕಿದರು. ಆಮೇಲೆ ಇಳಿದು, ಬಾನೆಟ್ ಹಿಡಿದುಕೊಂಡು ಸುತ್ತಿ ಬಂದು, ನನ್ನ ಕಡೆಯ ಬಾಗಿಲು ತೆಗೆದರು. "ಸರಿ, ಆ ಕಡೆ ಹೋಗು. ನೀನೇ ಹೊಡಿ."

ಎಂಟು ದಿನ ಗಾಡಿ ತೆಗೆಯಲಿಲ್ಲ, ನನ್ನೊಡನೆ ಮಾತೂ ಬಿಟ್ಟರು. ಒಂಬತ್ತನೆಯ ದಿನ ಮನೆಗೆ ಬಂದು, "ಆಸ್ಪತ್ರಿಗಿ ನಡಿ" ಎಂದರು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಹೋದ ನೋಟ ಮರಳುವುದಿಲ್ಲ, ಉಳಿದದ್ದನ್ನು ಕಾಯಬಹುದು ಎಂದರು ಡಾಕ್ಟರು. ಕಾಕಾ ಒಬ್ಬ ಡ್ರೈವರನನ್ನು ಇಟ್ಟುಕೊಂಡು ತಾವು ಎಡಸೀಟಿಗೆ ಬಂದರು. ಭಾನುವಾರ ಮಾತ್ರ ನಾನೇ ಓಡಿಸುತ್ತಿದ್ದೆ. ಹಂಪ್ ನನಗೆ ಕಾಣುವ ಮೊದಲೇ "ಹಂಪ್ ಬಂತು, ಸಾವಕಾಶ" ಎನ್ನುತ್ತಿದ್ದರು. ರಸ್ತೆ ಬಾಯಿಪಾಠ ಎಂದದ್ದು ಸುಳ್ಳಾಗಿರಲಿಲ್ಲ.

ಆಫೀಸಿನಲ್ಲಿ ನನ್ನ ಆ್ಯಪ್ ಪಾಸಾಯಿತು. ಆದರೆ ಕಾಕಾರ ಕೈಯಿಂದ ಕೀಲಿ ಕಸಿದೆನೆಂಬ ಸಂಕಟ ಹೋಗಲಿಲ್ಲ. ಒಮ್ಮೆ ಕೇಳಿಯೇಬಿಟ್ಟೆ: "ನನ್ನ ಮ್ಯಾಲ ಸಿಟ್ಟು ಅದೇನ್ರಿ?"

"ಅವತ್ತ ನಿನ್ನ ಸಲುವಾಗಿ ಗಾಡಿ ತಿರುವಿದಾಗ ಮಂದಿ ಬೈದ್ರು, ನೀ ಪಾಸಾದಿ. ಈಗ ನೀ ಬೈದಿ, ಮಂದಿ ಉಳದ್ರು. ಮುಂದ ನೋಡಿ ಹೊಡಿ" ಎಂದರು.

ನಾಲ್ಕು ವರ್ಷ ಹಾಗೆ ಎಡಸೀಟಿನಲ್ಲಿ, ಎಡಗೈ ಕಿಟಕಿಗೆ ಒರಗಿಸಿ ಓಡಾಡಿದರು. ಹೋದ ಚಳಿಗಾಲದಲ್ಲಿ ತೀರಿಕೊಂಡರು. ಮನೆಯ ಮುಂದೆ ಮಲಗಿಸಿ, ಎದೆಯ ಮೇಲೆ ಕೈ ಜೋಡಿಸಿಟ್ಟಿದ್ದರು. ನಾನು ಅಳುತ್ತಲೇ ಆ ಕೈಗಳನ್ನು ನೋಡಿದೆ. ಎರಡೂ ಒಂದೇ ಬಣ್ಣವಾಗಿದ್ದವು.